ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ ಇತ್ತು

ಇದನ್ನು ಬರೆಯಲು ಮೂರು ಸಲ ಕುಳಿತು ಮೂರು ಸಲವೂ ಎದ್ದುಹೋಗಿದ್ದೇನೆ. ಈಗ ವಯಸ್ಸೂ ಆಯಿತು. ಇನ್ನು ಮುಂದೂಡಿದರೆ ಆಗದು.

ಎಸ್ಸೆಸ್ಸೆಲ್ಸಿ ಮುಗಿಸಿ ಬಸವಕಲ್ಯಾಣದಲ್ಲಿ ಮದುವೆ ಅಡುಗೆಗೆ ನಿಂತವನು ನಾನು. ಎಂಟು ವರ್ಷದ ಹಿಂದೆ ಹುಮನಾಬಾದಿನಲ್ಲಿ ನಾಲ್ಕುನೂರು ಜನರ ಮದುವೆಯೂಟ ನನ್ನ ಪಾಲಿಗೆ ಬಂದಿತ್ತು. ಪಂಕ್ತಿ ಕೂರುವ ಮೊದಲು ಒಬ್ಬ ತಾಯಿ ಆರು ವರ್ಷದ ಮಗಳ ಕೈಹಿಡಿದು ಒಲೆಯ ಬಳಿ ಬಂದಳು.

“ಅಣ್ಣಾರ, ನನ್ನ ಮಗಳಿಗಿ ಶೇಂಗಾ ಅಲರ್ಜಿ ಅದರಿ. ಎಣ್ಣೆಗಾಯಿದಾಗ ಹಾಕೀರೇನು?”

“ಇಲ್ರಿ ತಂಗಿ. ಬೇಫಿಕರ್ ಉಣಸ್ರಿ.”

ಹಾಕಿದ್ದೆ. ಹುರಿದ ಶೇಂಗಾಪುಡಿಯೇ ನನ್ನ ಎಣ್ಣೆಗಾಯಿಯ ಗುಟ್ಟು. ಬರೀ ಎಳ್ಳು, ಕೊಬ್ಬರಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅಲರ್ಜಿಯೆಂದರೆ ಪಟ್ಟಣದವರ ನಾಜೂಕು, ಒಂದು ಬದನೆಕಾಯಿಯಲ್ಲಿರುವ ಚಿಟಿಕೆ ಪುಡಿಯಿಂದ ಏನಾದೀತು ಎಂದುಕೊಂಡೆ.

ಪಂಕ್ತಿಯಲ್ಲಿ ಮಗು ಎಣ್ಣೆಗಾಯಿ ತಿಂದು ಹತ್ತು ನಿಮಿಷವೂ ಆಗಿರಲಿಲ್ಲ. ಮಗುವಿನ ತುಟಿ ಊದಿ, ಮೈತುಂಬ ಕೆಂಪು ದದ್ದು ಎದ್ದು, ಉಸಿರು ಸೀಟಿ ಹೊಡೆಯತೊಡಗಿತು. “ಬಿಸಲಿಗಿ ಆಗ್ಯಾದ, ನಿಂಬಿ ಶರಬತ್ ಕುಡಸ್ರಿ” ಎಂದು ಯಾರೋ ಅಂದರು. ತಾಯಿ ಅವಳನ್ನೆತ್ತಿಕೊಂಡು ನನ್ನ ಬಳಿಗೆ ಓಡಿಬಂದಳು.

“ಖರೆ ಹೇಳ್ರಿ, ಹಾಕೀರೇನು?”

ಅಷ್ಟು ಜನರೆದುರು ನನ್ನ ಬಾಯಿಂದ ಮತ್ತೆ “ಇಲ್ಲ” ಎಂದೇ ಬಂತು.

ಒಂಬತ್ತು ವರ್ಷದಿಂದ ನನ್ನ ಮಸಾಲೆ ಅರೆಯುತ್ತಿದ್ದ ಹೆಣ್ಣುಮಗಳು ಕೆಲಸ ಬಿಟ್ಟು ಎದ್ದಳು. “ಹಾಕೇವ್ರಿ ಅಕ್ಕಾ, ನಾನೇ ಅರದೀನಿ. ಶರಬತ್ ಬ್ಯಾಡ, ದವಾಖಾನಿಗಿ ನಡೀರಿ!”

“ನಿನ್ನ ಯಾರ ಕೇಳ್ಯಾರ?” ಎಂದು ಗದರಿದೆ.

“ಕೂಸಿನ ಜೀವ ದೊಡ್ಡದೋ, ನಿಮ್ಮ ಎಣ್ಣೆಗಾಯಿ ದೊಡ್ಡದೋ ಮಾಮಾ?” ಎಂದವಳೇ ಆ ತಾಯಿ-ಮಗುವನ್ನು ಕರೆದುಕೊಂಡು ಆಟೋ ಹತ್ತಿದಳು.

ಮಗು ಏನು ತಿಂದಿದೆ ಎಂದು ವೈದ್ಯರಿಗೆ ಹೇಳಿದವಳೂ ಅವಳೇ. ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಮುಚ್ಚುತ್ತಿರುವ ಉಸಿರಿನ ದಾರಿಯನ್ನು ತೆರೆಸುವ ಔಷಧಿ ಅದು. ಸಂಜೆಗೆ ಮಗು ಎದ್ದು ಕುಳಿತು, ಮದುವೆಯ ಜಿಲೇಬಿ ಎಲ್ಲಿ ಎಂದು ಕೇಳಿತಂತೆ.

ಮರುವಾರ ಆ ತಾಯಿಯ ಮನೆಗೆ ಹೋಗಿ ಕೈಮುಗಿದೆ. ಮನಸಾರೆ ಬೈದಳು, ಆಮೇಲೆ ಚಹಾ ಕೊಟ್ಟಳು. ಕಳೆದ ವರ್ಷ ಅವರ ಮನೆಯ ಕಾರ್ಯದ ಅಡುಗೆಗೆ ನನ್ನನ್ನೇ ಕರೆದರು. ಪಾತ್ರೆ, ಸೌಟು ಎಲ್ಲ ಹೊಸದು. ಶೇಂಗಾ ಹೊಸ್ತಿಲು ದಾಟಲಿಲ್ಲ. “ಅಜ್ಜಾ, ಮೊದಲ ನೀ ತಿನ್ನು, ಆಮ್ಯಾಲ ನಾ” ಎಂದು ನನ್ನೆತ್ತರಕ್ಕೆ ಬೆಳೆದ ಆ ಹುಡುಗಿ ನಕ್ಕಳು. ಇಬ್ಬರೂ ಉಂಡೆವು.

ಏನು ಹಾಕಿದ್ದೇನೆಂದು ಉಣ್ಣುವವರಿಗೆ ಹೇಳುವುದೂ ಅಡುಗೆಯ ಕೆಲಸವೇ ಎಂಬುದನ್ನು ಮುಪ್ಪಿನಲ್ಲಿ ಕಲಿತೆ. ಆದರೆ ಆ ಮದುವೆಯ ಮರುದಿನ, ನನ್ನ ಮಾನ ಕಳೆದಳೆಂಬ ಸಿಟ್ಟಿಗೆ ಮಸಾಲೆಯವಳನ್ನು ಕೆಲಸದಿಂದ ಬಿಡಿಸಿದ್ದೆ. ಅರೆಯುವ ಕಲ್ಲು ತೊಳೆದಿಟ್ಟು ಹೋದಳು. ಈಗ ಕೊಹಿನೂರದಲ್ಲಿ ಮಗಳ ಮನೆಯಲ್ಲಿದ್ದಾಳಂತೆ. ಬಸ್ಸು ಹತ್ತಿದರೆ ದೂರವೇನಲ್ಲ, ನಾನೇ ಹೋಗಿಲ್ಲ. ಆಕೆಯ ಹೆಸರು ಕಾಶೀಬಾಯಿ.