ಏನೂ ಸಾಗಿಸದ ಹಸಿರು ಗೆರೆ

ಮಕ್ಕಳೇ, ಮೊನ್ನೆ ನೀವಿಬ್ಬರೂ ಶಾಲೆಯ ಪಾಠಕ್ಕೆಂದು ಕಂಪ್ಯೂಟರಿನಲ್ಲಿ ಚೌಕಗಳನ್ನಿಟ್ಟು ಗೆರೆಗಳಿಂದ ಜೋಡಿಸುತ್ತಿದ್ದಾಗ ನಾನು ಎದ್ದು ಒಳಗೆ ಹೋದೆ. ಯಾಕೆಂದು ಕೇಳಿದಿರಿ. ಬಾಯಿಂದ ಹೇಳಲಾಗಲಿಲ್ಲ, ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನೀರಿನ ಪಂಪುಗಳನ್ನು ಪರೀಕ್ಷಿಸುತ್ತಿದ್ದರು. ಕಂಪ್ಯೂಟರ್ ಮಾಡಬೇಕಾದ್ದನ್ನು ಸಾಲುಸಾಲಾಗಿ ಬರೆಯದೆ ಹೀಗೇ ಚೌಕ, ಗೆರೆಗಳಲ್ಲಿ ಚಿತ್ರಿಸುತ್ತಿದ್ದರು. ಪಂಪಿಗಷ್ಟೇ ಅಲ್ಲ, ಹಾಜರಿಗೂ ಕ್ಯಾಂಟೀನಿನ ಟೋಕನ್ನಿಗೂ ಅದೇ. ಜೊತೆಯವರು ನಗುತ್ತಿದ್ದರಂತೆ. ಮೊದಲು ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬಣ್ಣದ ಪೆನ್ಸಿಲಿನಿಂದ ಬರೆಯುವರು; ನಾನು ರೊಟ್ಟಿ ಬಡಿಯುತ್ತಾ ನೋಡುವೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳಿಗೂ ತಿಳಿಯುತ್ತಿತ್ತು. ಒಂದು ಚೌಕಕ್ಕೆ ಸೇರುವ ಗೆರೆಗಳಲ್ಲೆಲ್ಲ ಬರಬೇಕಾದ್ದು ಬಂದ ಮೇಲೆಯೇ ಅದು ಕೆಲಸ ಶುರು ಮಾಡುತ್ತದೆ.

ಒಮ್ಮೆ ನೀರು ಬಿಡುವ ವಾಲ್ವಿನ ಚೌಕದಿಂದ ಮೋಟಾರಿನ ಚೌಕಕ್ಕೆ ಹಸಿರು ಗೆರೆ ಎಳೆದರು.

"ಇದರಾಗ ಏನ್ ಹೋಗತೈತ್ರಿ?" ಎಂದೆ.

"ಏನೂ ಇಲ್ಲ. ವಾಲ್ವ್ ತೆರಿಯೂತನಕ ಮೋಟಾರ್ ಕಾಯ್ಲಿ ಅಂತ. ಗೆರಿ ಇಲ್ಲಂದ್ರ ಯಾವುದು ಮೊದಲ ಓಡತೈತೋ ಹೇಳಾಕ ಬರಂಗಿಲ್ಲ. ನೀ ಉಣ್ಣಾಕ ನನಗ ಕಾಯ್ತೀಯಲ್ಲ, ಹಂಗ."

"ನಾ ಎಲ್ಲಿ ಕಾಯ್ತೀನ್ರಿ? ಆಗಲೇ ಎರಡು ರೊಟ್ಟಿ ತಿಂದೀನಿ."

ತುಂಬಾ ಹೊತ್ತು ನಕ್ಕರು.

ಅವರು ತೀರಿಕೊಂಡು ತಿಂಗಳಾಗುವುದರೊಳಗೆ ಕಾರ್ಖಾನೆಯಿಂದ ಇಬ್ಬರು ಇಂಜಿನಿಯರರು ಬಂದರು, ಬೀದರ ಕಡೆಯವರು. ಪಂಪಿನ ಚಿತ್ರದ ಹಾಳೆ ಬೇಕೆಂದರು. ಕೊಟ್ಟು ಒಳಗೆ ಬಂದೆ. ಅವರು ಅದನ್ನು ಮಂಚದ ಮೇಲೆ ಹಾಸಿದರು.

"ಈ ಹಸರ ಗೆರಿ ನೋಡು, ಏನೂ ಕೆಲಸಿಲ್ಲ," ಎಂದ ಚಿಕ್ಕವನು. "ಅಣ್ಣಾರು ರಂಗೋಲಿ ಹಾಕ್ಯಾರ."

"ತೆಗೆದುಬಿಡು. ಸಾಫ್ ಕಾಣತೈತಿ," ಎಂದರು ದೊಡ್ಡವರು.

ನಾನು ಚಹದ ತಟ್ಟೆ ಹಿಡಿದು ಪರದೆಯ ಹಿಂದೆ ನಿಂತಿದ್ದೆ. ಇಂಜಿನಿಯರರಿಗೆ ನಾನೇನು ಹೇಳುವುದು? ಚಹ ಇಟ್ಟು ಬಂದೆ.

ಮೂರು ವಾರ ಬಿಟ್ಟು ದೊಡ್ಡವರೊಬ್ಬರೇ ಬಂದು ಹಾಳೆಯನ್ನೂ ಅಜ್ಜನ ಊಟದ ಡಬ್ಬಿಯನ್ನೂ ಕೊಟ್ಟರು.

"ಎರಡು ಪಂಪ್ ನೀರಿಲ್ಲದ ತಿರುಗಿ ಸುಟ್ಟಾವ್ರಿ ವೈನಿ. ಅಣ್ಣಾರ ಚಿತ್ರದಾಗ ತಪ್ಪೈತಿ ಅಂತ ಸಾಹೇಬರು ರಿಪೋರ್ಟಿನಾಗ ಬರದಾರ. ಎಲ್ಲಾ ತೆಗೆದು ಹೊಸದು ಮಾಡಸಾಕತ್ತಾರ."

ಗೆರೆ ತೆಗೆದಿರೇನು ಎಂದು ಕೇಳಲು ಬಾಯಿ ತೆರೆದೆ. "ಚಾ ಮಾಡ್ಲೇನ್ರಿ?" ಎಂದಷ್ಟೇ ಬಂತು.

"ಬ್ಯಾಡ್ರಿ, ಬಸ್ ತಪ್ಪತೈತಿ," ಎಂದು ಹೊರಟರು. ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ ಕರೆದು ಹೇಳಬಹುದಿತ್ತು.

ಅಜ್ಜನ ಕೆಲಸದಲ್ಲಿ ತಪ್ಪಿತ್ತೆಂದು ನಿಮ್ಮ ಅಪ್ಪನೂ ನಂಬಿದ್ದಾನೆ. ಹಾಳೆ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಹಸಿರು ಗೆರೆಯ ಮೇಲೆ ಕೆಂಪು ಪೆನ್ನಿನಿಂದ ಕಾಟು ಹೊಡೆದಿದ್ದಾರೆ. ನಿಮ್ಮ ಅಜ್ಜನ ಹತ್ತಿರ ಕೆಂಪು ಪೆನ್ನು ಇರಲೇ ಇಲ್ಲ. ಅಪ್ಪನನ್ನೂ ಕೂರಿಸಿಕೊಂಡು ಹಾಳೆ ಬಿಚ್ಚಿರಿ. ಮೊದಲು ವಾಲ್ವಿನ ಚೌಕ ತೋರಿಸಿ, ಆಮೇಲೆ ಮೋಟಾರಿನದು.