ಹನ್ನೆರಡು ಹಳದಿ ಅಂಗಿ

ಒಂದು ಮಗುವಿಗೆ ಚಳಿಗಾಲದ ಬಟ್ಟೆ ತೊಡಿಸಿ ಅಂಗಳಕ್ಕೆ ಬಿಡಲು ನನಗೆ ಆರು ನಿಮಿಷ ಬೇಕು. ಗುನ್ವೋರ್‌ಗೆ ಎರಡೂವರೆ ನಿಮಿಷ ಸಾಕಾಗುತ್ತಿತ್ತು. ಅದೂ ಬಾಯಿಗೆ ಬಿಡುವು ಕೊಡದೆ. ಒಬ್ಬನ ಮೂಗು ಒರೆಸುತ್ತ, ಇನ್ನೊಬ್ಬಳ ಬೂಟಿನ ಕೆಳಗೆ ರಬ್ಬರ್ ಪಟ್ಟಿ ಎಳೆದು ಸಿಕ್ಕಿಸುತ್ತ, ಮೂರನೆಯವನನ್ನು ಗದರುತ್ತ ಕೆಲಸ ಮಾಡುವ ಹೆಂಗಸು ಅವಳು.

"ಅಸ್ಲಾಕ್, ಅದು ಕೈಗವಸು ಕಣೋ, ಕಿವಿಗೆ ಹಾಕ್ಕೊಳ್ಳೋದಲ್ಲ. ಎಡಗೈ ಕೊಡು. ಎಡಗೈ ಅಂದೆ. ಹೋಗ್ಲಿ, ಯಾವುದಾದ್ರೂ ಕೊಡು, ಎರಡೂ ನಿಂದೇ ತಾನೆ."

ಭೂಮಿಯ ಉತ್ತರ ತುದಿಗೆ ಹತ್ತಿರ, ವಾರಂಗರ್ ಕೊಲ್ಲಿಯ ದಂಡೆಯಲ್ಲಿರುವ ನಮ್ಮ ಊರಿನ ಶಿಶುವಿಹಾರದಲ್ಲಿ ಅವಳು ಮೂವತ್ತೊಂದು ವರ್ಷ ದುಡಿದಿದ್ದಳು. ನಾನು ಸೇರಿ ಆಗ ಒಂಬತ್ತು ವರ್ಷ. ಮೊದಲ ದಿನವೇ ಅವಳು ನನ್ನ ಕೈಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು, "ಸಿಸ್ಸೆಲ್, ಮೊದಲು ಉಣ್ಣೆ, ಆಮೇಲೆ ಕಕ್ಕಸು, ಆಮೇಲೆ ಸೂಟು. ಈ ಕ್ರಮ ತಪ್ಪಿದ್ರೆ ನೀನೇ ಅಳ್ತೀಯ" ಅಂದಿದ್ದಳು. ಒಮ್ಮೆ ಕ್ರಮ ತಪ್ಪಿಸಿದೆ, ಅತ್ತೂಬಿಟ್ಟೆ. ಕತ್ತಿನಿಂದ ಪಾದದ ತನಕ ಒಂದೇ ಆಗಿರುವ ದಪ್ಪ ಸೂಟಿನೊಳಗೆ ಮಗು ಉಚ್ಚೆ ಹೊಯ್ದುಕೊಂಡರೆ ಏನು ಪಾಡು ಎಂಬುದು ಅನುಭವಿಸಿದವರಿಗೇ ಗೊತ್ತು.

ಅವಳ ಕಟ್ಟಳೆಗಳು ಕಲ್ಲಿನಲ್ಲಿ ಕೆತ್ತಿದಂಥವು. ಕತ್ತಿಗೆ ಉದ್ದ ಬಟ್ಟೆ ಸುತ್ತುವ ಹಾಗಿಲ್ಲ, ಜಾರುಬಂಡೆಗೆ ಸಿಕ್ಕಿಕೊಂಡೀತು. ಎಲ್ಲದಕ್ಕಿಂತ ಮೇಲೆ, ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಪಟ್ಟಿಯ, ತೋಳಿಲ್ಲದ ಹಳದಿ ಅಂಗಿ. ನವೆಂಬರ್ ಕೊನೆಗೆ ಸೂರ್ಯ ಮುಳುಗಿದರೆ ನಮ್ಮಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಜನವರಿಯಲ್ಲಿ. ನಡು ಹಗಲಿಗೆ ಒಂದೆರಡು ತಾಸು ಮಸುಕು ನೀಲಿ ಬೆಳಕು, ಅಷ್ಟೆ. ಮಕ್ಕಳು ಅದರಲ್ಲೇ ಆಡಬೇಕು, ಆಡುತ್ತಾರೆ. ಹಾಗಾಗಿ ಗುನ್ವೋರ್ ದಿನವೂ ಬಾಗಿಲಲ್ಲಿ ನಿಂತು ಕೇಳುವಳು, "ಹಳದಿ ಅಂಗಿ ಇಲ್ಲದೋರು?" ಮಕ್ಕಳು ಛಾವಣಿ ಹಾರಿಹೋಗುವಂತೆ ಕೂಗುವರು, "ಹೊರಗಿರೋ ಹಾಗಿಲ್ಲ!"

ಆ ಚಳಿಗಾಲ ಅವಳು ಒಂದು ಹೊಸ ಅಭ್ಯಾಸ ಶುರು ಮಾಡಿದ್ದಳು. ಅಂಗಳದಲ್ಲಿ ನಿಂತು, ಹಣೆಗೆ ಕಟ್ಟಿದ ದೀಪವನ್ನು ಒಂದು ಸುತ್ತು ತಿರುಗಿಸಿ ಎಣಿಸಿ, ಆಮೇಲೆ ಬಾಗಿಲ ಬಳಿ ಇರುವ ನನ್ನನ್ನು ಕೂಗಿ, "ನೀನೂ ಎಣಿಸು" ಎನ್ನುವಳು. ನಾನು ಎಣಿಸಿ ಹೇಳುವೆ. ಮುದುಕಿಗೆ ಶಿಸ್ತು ಜಾಸ್ತಿಯಾಯಿತು ಎಂದುಕೊಂಡೆ, ಮನಸ್ಸಿನಲ್ಲಿ ಮೂಗು ಮುರಿದೆ. ಬಾಗಿಲ ಚೌಕಟ್ಟಿಗೆ ಅವಳು ಭುಜ ತಾಗಿಸಿಕೊಳ್ಳುವುದು, ಮಕ್ಕಳನ್ನು ಹೆಸರಿನ ಬದಲು "ಏ, ಬಾ ಇಲ್ಲಿ" ಎಂದು ಕರೆಯುವುದು, ಎರಡೂ ನನ್ನ ಕಣ್ಣಿಗೆ ಬಿದ್ದಿದ್ದವು. ಏನೆಂದು ಕೇಳಲಿಲ್ಲ. ಕೇಳಿದರೆ ಅಂಗಳದ ಪಾಳಿ ನನ್ನ ತಲೆಗೆ ಬರುತ್ತಿತ್ತು, ಬಾಗಿಲ ಬಳಿ ಬೆಚ್ಚಗಿತ್ತು. ಇರುವ ವಿಷಯ ಇದೇ.

ಡಿಸೆಂಬರಿನ ಆ ಮಂಗಳವಾರ ಮೈನಸ್ ಎಂಟು. ಕೊಲ್ಲಿಯ ಕಡೆಯಿಂದ ಗಾಳಿ. ಊಟಕ್ಕೆ ಬ್ರೆಡ್ಡು, ಕಂದು ಚೀಸು ಆಗಿ, ಹನ್ನೆರಡೂವರೆಗೆ ದೊಡ್ಡ ಮಕ್ಕಳ ಗುಂಪಿನ ಹನ್ನೆರಡೂ ಜನಕ್ಕೆ ಬಟ್ಟೆ ತೊಡಿಸಿದೆವು. ಇಡುನ್ ಕೊನೆಯವಳು. ಮೂರೂವರೆ ವರ್ಷದ ಕೂಸು. ಆಗಸ್ಟಿನಲ್ಲಷ್ಟೇ ಚಿಕ್ಕವರ ಗುಂಪಿನಿಂದ ಬಂದವಳು, ಇನ್ನೂ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು.

"ಗುನ್ವೋರ್, ನಂಗೆ ನಿದ್ದೆ."

"ದೊಡ್ಡೋರು ಮಧ್ಯಾಹ್ನ ಮಲಗಲ್ಲ ಚಿನ್ನ. ಗದ್ದ ಎತ್ತು, ಜಿಪ್ಪು ಹಾಕ್ತೀನಿ. ಚರ್ಮ ಸಿಕ್ಕಿಕೊಂಡ್ರೆ ಇಡೀ ಊರಿಗೇ ಕೇಳೋ ಹಾಗೆ ಅರಚ್ತೀಯ."

ಹಳದಿ ಅಂಗಿಯನ್ನು ಅವಳಿಗೆ ಹಾಕಿದವಳು ನಾನು. ಕುಲಾವಿ, ಕತ್ತಿನ ಉಣ್ಣೆಪಟ್ಟಿ ಎಲ್ಲ ಸೇರಿ ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು, ಒಂದು ಮೂಗು. ಹನ್ನೆರಡು ಮಕ್ಕಳೂ ಹಾಗೇ. ಹೆತ್ತವರೇ ಒಮ್ಮೊಮ್ಮೆ ಬೇರೆ ಮಗುವಿನ ಕೈ ಹಿಡಿದುಬಿಡುತ್ತಾರೆ.

ಒಂದು ಗಂಟೆಗೆ ಗುನ್ವೋರ್ ಅಂಗಳದಿಂದ ಕೂಗಿದಳು. "ನನಗೆ ಹನ್ನೆರಡು. ನಿನಗೆ?"

ನಾನು ಬಾಗಿಲು ತೆರೆದು ಕಂಬದ ದೀಪದ ಕೆಳಗೆ ಕಣ್ಣಾಡಿಸಿದೆ. ಬೇಲಿಯ ಹತ್ತಿರ ಅಸ್ಲಾಕನ ಪಟಾಲಂ ತಮ್ಮಷ್ಟೇ ಎತ್ತರದ ಹಿಮದ ಗೊಂಬೆಗೆ ಕಲ್ಲಿನ ಕಣ್ಣು ಒತ್ತುವ ಸಂಭ್ರಮದಲ್ಲಿತ್ತು. ಹಳದಿ, ಹಳದಿ, ಹಳದಿ. "ಹನ್ನೆರಡು," ಎಂದು ಬಾಗಿಲು ಮುಚ್ಚಿದೆ.

ಒಂದೂ ಮುಕ್ಕಾಲಿಗೆ ಒಳಗೆ ಕರೆದೆವು. ಬಟ್ಟೆ ಬಿಚ್ಚುವುದು ತೊಡಿಸುವುದಕ್ಕಿಂತ ದೊಡ್ಡ ಗದ್ದಲ. ಹಿಮ ಕರಗಿದ ನೀರು, ಒಂಟಿ ಕಾಲುಚೀಲ, ಯಾರದೋ ಬೂಟಿನೊಳಗೆ ಯಾರದೋ ಕೈಗವಸು. ಒದ್ದೆ ಬಟ್ಟೆಯೆಲ್ಲ ಒಣಗಿಸುವ ಕಪಾಟಿಗೆ ಹಾಕಿ, ಹಳದಿ ಅಂಗಿಗಳನ್ನು ಕೊಕ್ಕೆಗಳಿಗೆ ತೂಗುಹಾಕಿ ತಿರುಗಿದಾಗ ಗೋಡೆಯ ಒಂದು ಕೊಕ್ಕೆ ಖಾಲಿ ಇತ್ತು. ಇಡುನ್‌ಳ ಕೊಕ್ಕೆ. ಬೆಂಚಿನ ಮೇಲೆ ಎಣಿಸಿದೆ. ಹನ್ನೊಂದು ತಲೆ.

"ಇಡುನ್ ಇನ್ನೂ ಹೊರಗೇ ಇದಾಳೆ," ಅಂದೆ. ಆಗ ಹೆದರಿಕೆ ಇರಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು, ಬೇಲಿಯ ಪಕ್ಕ ಒಂದು ಹಳದಿ ಅಂಗಿ ಅಲ್ಲಾಡದೆ ನಿಂತಿತ್ತು.

"ಮೊಂಡು ಹಿಡಿದಿದಾಳೆ," ಎಂದು ಗುನ್ವೋರ್ ನಕ್ಕು ಹೊರಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಅವಳು ನಿಧಾನ ನಡೆಯುತ್ತ ಮಾತಾಡುತ್ತಿದ್ದಳು. "ಬಾ ನನ್ನ ರಾಣಿ, ಒಳಗೆ ಬಿಸಿ ಹಾಲಿದೆ. ಕಾಲು ಮರಗಟ್ಟತ್ತೆ. ನಿನ್ನನ್ನ ಎತ್ಕೊಂಡು ಹೋಗ್ಲಾ?" ಹತ್ತಿರ ಹೋಗಿ, ಬಗ್ಗಿ, ಅದರ ಹೆಗಲ ಮೇಲೆ ಕೈಯಿಟ್ಟಳು.

ಆಮೇಲೆ ಅವಳು ಅಲ್ಲಾಡಲಿಲ್ಲ. ಕೈ ಅಲ್ಲೇ ಇತ್ತು. ಓಡಿದೆ, ಒಳಗಿನ ಚಪ್ಪಲಿಯಲ್ಲೇ. ಹಳದಿ ಅಂಗಿಯ ಮೇಲೆ ಹಿಮದ ಉಂಡೆಯ ತಲೆ, ಎರಡು ಕಲ್ಲಿನ ಕಣ್ಣು.

"ಸಿಸ್ಸೆಲ್," ಅಂದಳು ಗುನ್ವೋರ್. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ಇದು ಮಗು ಅಲ್ಲ."

ಒಳಗೆ ಓಡಿ ಅಸ್ಲಾಕನ ಎರಡೂ ತೋಳು ಹಿಡಿದೆ. ಐದು ವರ್ಷದ ಪೋರ, ನಾನು ಗದರುತ್ತೇನೆಂದು ಮೊದಲೇ ಮುಖ ಸಪ್ಪೆ ಮಾಡಿಕೊಂಡ.

"ಗೊಂಬೆಗೆ ಅಂಗಿ ಯಾರು ಹಾಕಿದ್ದು?"

"ಇಡುನ್ ಕೊಟ್ಲು. ಅವನಿಗೆ ಇರ್ಲಿಲ್ವಲ್ಲ. ಇಲ್ಲದೋರು ಹೊರಗಿರೋ ಹಾಗಿಲ್ಲ."

"ಇಡುನ್ ಎಲ್ಲಿ?"

ಅವನು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಅವಳಿಗೆ ಈಗ ಅಂಗಿ ಇಲ್ಲ. ಅದಕ್ಕೇ ಹೋದ್ಲು."

"ಎಲ್ಲಿಗೋ?"

"ಗೊತ್ತಿಲ್ಲ. ಆಗ್ಲೇ ಹೋದ್ಲು. ಗೊಂಬೆಗೆ ಕಣ್ಣು ಇಡೋಕೆ ಮುಂಚೆ."

ಕಣ್ಣು ಇಡುವ ಮುಂಚೆ ಎಂದರೆ ಒಂದು ಗಂಟೆಗೂ ಮುಂಚೆ. ನಾನು ಹನ್ನೆರಡು ಎಂದು ಕೂಗಿ ಬಾಗಿಲು ಹಾಕಿಕೊಂಡಾಗ ಅವಳು ಅಂಗಳದಲ್ಲಿರಲಿಲ್ಲ. ಕಕ್ಕಸು, ಆಟದ ಕೋಣೆ, ಅಡುಗೆಮನೆ, ಒಣಗಿಸುವ ಕಪಾಟು, ಎಲ್ಲ ನೋಡಿದೆವು. ಕಪಾಟಿನೊಳಗೆ ತಲೆ ಹಾಕಿ ತಡಕಿದೆ. ಬರೀ ಬಟ್ಟೆ.

ನಮ್ಮ ಮೇಲ್ವಿಚಾರಕ ತೂರ್ಫಿನ್ ಕೋಣೆಯಿಂದ ಹೊರಬಂದು, ಮಾತು ಮುಗಿಯುವ ಮೊದಲೇ ಗೇಟಿನತ್ತ ಓಡಿದ. ಅಲ್ಲಿಂದ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. "ಗೇಟು ತೆರೆದಿದೆ!"

ಚಿಲಕದಲ್ಲಿ ಮಂಜು ಕಟ್ಟಿ ಅದು ಸರಿಯಾಗಿ ಕೂತಿರಲಿಲ್ಲ. ಮಗು ತೂರುವಷ್ಟು ಸಂದಿ. ಆಚೆ ರಸ್ತೆ, ಅದರಲ್ಲಿ ಆಗಷ್ಟೇ ಹಿಮ ತಳ್ಳುವ ಯಂತ್ರ ಹಾದುಹೋದ ಹೊಸ ಗುರುತು, ಇಬ್ಬದಿಗೂ ಆಳೆತ್ತರದ ಗುಡ್ಡೆ. ರಸ್ತೆ ದಾಟಿದರೆ ಇಳಿಜಾರು, ಅದರ ಕೆಳಗೆ ಕಪ್ಪು ನೀರು. ಆ ಯಂತ್ರ ಓಡಿಸುವವನ ಕಣ್ಣಿಗೆ ಹಳದಿ ಅಂಗಿಯಿಲ್ಲದ ನೀಲಿ ಸೂಟಿನ ಮಗು ಎಲ್ಲಿ ಕಾಣಬೇಕು? ತೂರ್ಫಿನ್ ಪೊಲೀಸರಿಗೆ ಫೋನು ಮಾಡುತ್ತಲೇ ಗುಡ್ಡೆಯನ್ನು ಕೈಯಿಂದ ಅಗೆಯತೊಡಗಿದ. ನಾನು ದೀಪ ಹಿಡಿದು ದಂಡೆಗೆ ಇಳಿದೆ. "ಇಡುನ್!" ಎಂದು ಕೂಗಿದರೆ ಗಾಳಿ ಬಾಯಿಗೇ ತುಂಬಿಕೊಳ್ಳುತ್ತಿತ್ತು. ನೀರಿನ ಅಂಚಿನಲ್ಲಿ ಏನೋ ಕಪ್ಪಗೆ ತೇಲುತ್ತಿತ್ತು. ಹತ್ತಿರ ಹೋದೆ. ಮೀನುಗಾರರ ರಬ್ಬರ್ ಚೀಲ. ಅಲ್ಲೇ ಮಂಡಿಯೂರಿ ಕೂತು, ದೇವರನ್ನು ಅಷ್ಟಾಗಿ ನೆನೆಯದವಳು, ಅವನಿಗೆ ಏನೇನು ಕೊಡುತ್ತೇನೆಂದು ಒಪ್ಪಿಕೊಂಡೆನೋ ನನಗೇ ನೆನಪಿಲ್ಲ.

ಗುನ್ವೋರ್ ನಮ್ಮ ಜೊತೆ ಬರಲಿಲ್ಲ. ಗೇಟಿನ ತನಕ ಬಂದವಳು ನಿಂತುಬಿಟ್ಟಳಂತೆ. ಆ ಕತ್ತಲಲ್ಲಿ ಅವಳಿಗೆ ರಸ್ತೆಯೂ ಕಾಣುತ್ತಿರಲಿಲ್ಲ, ದಂಡೆಯೂ ಕಾಣುತ್ತಿರಲಿಲ್ಲ. ಅವಳು ಹಿಂದಕ್ಕೆ ತಿರುಗಿ, ಕೈಗವಸು ಕಿತ್ತೆಸೆದು, ಗೋಡೆ ಸವರುತ್ತ ಕಟ್ಟಡವನ್ನು ಸುತ್ತತೊಡಗಿದಳು. ಮೆಟ್ಟಿಲ ಕೆಳಗೆ ಕೈ ಹಾಕಿದಳು. ಮರದ ಗುಡಿಸಲಿನೊಳಗೆ ಕೈಯಾಡಿಸಿದಳು. ಹಿಂಬದಿಯ ಮಾಡಿನ ಕೆಳಗೆ ಚಿಕ್ಕವರ ಗುಂಪಿನ ಕೂಸುಗಳು ತಳ್ಳುಗಾಡಿಗಳಲ್ಲಿ ಮಲಗಿದ್ದವು. ಮೈನಸ್ ಹತ್ತಕ್ಕಿಂತ ಕೆಳಗೆ ಇಳಿಯದಿದ್ದರೆ ನಮ್ಮಲ್ಲಿ ಕೂಸುಗಳ ನಿದ್ದೆ ಹೊರಗೇ, ಕುರಿಯ ತುಪ್ಪಳದ ಚೀಲದೊಳಗೆ. ಆರು ಗಾಡಿ. ಅವತ್ತು ಒಂದು ಕೂಸು ಜ್ವರವೆಂದು ಮನೆಯಲ್ಲಿತ್ತು, ಹಾಗಾಗಿ ಐದೇ ಕೂಸು. ಅವುಗಳನ್ನು ಹತ್ತು ನಿಮಿಷಕ್ಕೊಮ್ಮೆ ಬಂದು ನೋಡುತ್ತಿದ್ದವರು ಐದನ್ನೇ ನೋಡಿ ಹೋಗುತ್ತಿದ್ದರು.

ಗುನ್ವೋರ್ ಒಂದೊಂದೇ ಗಾಡಿಯೊಳಗೆ ಬರಿಗೈ ತೂರಿಸಿದಳು. ಬೆಚ್ಚಗಿನ ಕೆನ್ನೆ, ಬೆಚ್ಚಗಿನ ಕೆನ್ನೆ. ಐದು ಆಯಿತು. ಆರನೆಯದು ತಣ್ಣಗಿರಬೇಕಾದ ಗಾಡಿ.

ಅದೂ ಬೆಚ್ಚಗಿತ್ತು.

ನಾನು ದಂಡೆಯಲ್ಲಿದ್ದಾಗ ಒಂದು ಚೀತ್ಕಾರ ಕೇಳಿತು. ಮಗು ಸತ್ತಿದೆ ಎಂದೇ ತಿಳಿದೆ. ಇಳಿಜಾರನ್ನು ನಾಲ್ಕು ಕಾಲಲ್ಲಿ ಹತ್ತಿ ಬಂದರೆ, ಗುನ್ವೋರ್ ಹಿಮದ ಮೇಲೆ ಕುಕ್ಕರಿಸಿದ್ದಳು, ಮಡಿಲಲ್ಲಿ ಇಡುನ್. ನಿದ್ದೆಗಣ್ಣು, ಕೆಂಪು ಕೆನ್ನೆ, ನಮ್ಮ ಮೇಲೆ ಸಿಟ್ಟು.

"ಯಾಕೆ ಎಬ್ಬಿಸಿದ್ರಿ? ನಂಗೆ ಅಂಗಿ ಇರ್ಲಿಲ್ಲ. ಒಳಗಿನ ಬಾಗ್ಲು ನಂಗೆ ತೆಗಿಯಕ್ಕಾಗ್ಲಿಲ್ಲ."

ಮಕ್ಕಳು ಹೊರಗೆ ಹೋದ ಕೂಡಲೇ ಆ ಬಾಗಿಲು ಮುಚ್ಚಿಕೊಂಡವಳು ನಾನು.

ಪೊಲೀಸರಿಗೆ ಬೇಡವೆಂದು ತಿಳಿಸಿ, ಕಾಫಿ ಮಾಡಿಕೊಂಡು, ಮೂವರೂ ಅಡುಗೆಮನೆಯಲ್ಲಿ ಕೂತೆವು. ಆಗ ಗುನ್ವೋರ್ ಹೇಳಿದಳು. ಹೋದ ಚಳಿಗಾಲದಿಂದ ಕತ್ತಲಲ್ಲಿ ಅವಳಿಗೆ ಮುಖಗಳು ಕಾಣುವುದಿಲ್ಲ. ಇರುಳುಗುರುಡು. ಡಾಕ್ಟರು ಬರೆದುಕೊಟ್ಟ ಕಾಗದ ಪರ್ಸಿನಲ್ಲೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆಂದು ಪ್ರತಿದಿನ ಭಯ, ಹೇಳದಿದ್ದರೆ ಮಗು ಹೋಗುತ್ತದೆಂದು ಪ್ರತಿದಿನ ಭಯ. ಅಂಗಿ ಹೊಳೆಯುತ್ತದೆ, ಅಂಗಿಯನ್ನು ಎಣಿಸುತ್ತಿದ್ದಳು.

"ಒಂದು ವರ್ಷ ನಾನು ಮಕ್ಕಳನ್ನೇ ನೋಡಿಲ್ಲ, ತೂರ್ಫಿನ್. ಬಟ್ಟೆ ನೋಡಿದೀನಿ."

ತೂರ್ಫಿನ್ ಅವಳ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಮರುಕವಿತ್ತು, ಜೊತೆಗೆ ನಿರಾಳವೂ ಇತ್ತು. ಕಾರಣ ಸಿಕ್ಕಿತಲ್ಲ. ನನಗೂ ಉಸಿರು ಹಗುರವಾಯಿತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ಹಾಗೇ ಆಯಿತು.

ಮೂರೂವರೆಗೆ ಇಡುನ್‌ಳ ತಾಯಿ ಯೋರುನ್ ಬಂದಳು. ಮೀನಿನ ಕಾರ್ಖಾನೆಯಲ್ಲಿ ಕೆಲಸ, ನನ್ನದೇ ವಯಸ್ಸು. ಚಿಕ್ಕವಳಿದ್ದಾಗ ಅವಳಿಗೂ ಇದೇ ಕೊಕ್ಕೆಗಳ ಕೆಳಗೆ ಗುನ್ವೋರಳೇ ಬಟ್ಟೆ ತೊಡಿಸಿದ್ದಳು. ಮಗಳಿಗೆ ಆಗಲೇ ಸೂಟು, ಕುಲಾವಿ ಎಲ್ಲ ಹಾಕಿ ನಿಲ್ಲಿಸಿದ್ದೆವು. ತೂರ್ಫಿನ್ ಬಾಯಿ ತೆರೆಯುವ ಮೊದಲೇ ಗುನ್ವೋರ್ ನಡೆದದ್ದನ್ನೆಲ್ಲ ಹೇಳಿದಳು, ತನ್ನ ಕಣ್ಣಿನ ವಿಷಯವನ್ನೂ. ನನ್ನ ಹೆಸರು ಎತ್ತಲಿಲ್ಲ.

ಯೋರುನ್ ಗೋಡೆಗೆ ಒರಗಿದಳು. ಕೇಳಿದಳು, "ಅಂದ್ರೆ, ಕಣ್ಣು ಕಾಣೋರು ಯಾರಾದ್ರೂ ಎಣಿಸಿದ್ರೆ ಹೀಗಾಗ್ತಿರ್ಲಿಲ್ಲ. ಅಲ್ವಾ? ನಾಳೆಯಿಂದ ಕಣ್ಣು ಕಾಣೋರು ಎಣಿಸ್ತಾರೆ. ಅಲ್ವಾ?"

ಅವಳಿಗೆ ಹೌದು ಎನ್ನುವ ಒಂದು ಮಾತು ಬೇಕಿತ್ತು. ಬೆಳಿಗ್ಗೆ ಮತ್ತೆ ಮಗುವನ್ನು ಬಿಟ್ಟುಹೋಗಬೇಕಾದವಳು. ಗುನ್ವೋರ್ ನೆಲ ನೋಡುತ್ತಿದ್ದಳು. ತೂರ್ಫಿನ್ ತಲೆಯಾಡಿಸಲು ಹೊರಟಿದ್ದ.

"ನಾನು ಎಣಿಸಿದ್ದೆ," ಅಂದೆ. "ಅವಳು ಕೇಳಿದ್ಲು, ನಾನು ನೋಡಿದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ ಯೋರುನ್. ನಾನೂ ಹನ್ನೆರಡು ಅಂದೆ."

ಯೋರುನ್ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಮಗಳ ಮುಂದೆ ಮಂಡಿಯೂರಿ, ಕತ್ತಿನ ಪಟ್ಟಿಯನ್ನು ಕೆಳಗೆ ಎಳೆದು, ಕುಲಾವಿಯನ್ನು ಪೂರ್ತಿ ಕಿತ್ತು, ಎರಡೂ ಕೈಯಲ್ಲಿ ಆ ಮುಖ ಹಿಡಿದು ದೀಪದ ಕಡೆ ತಿರುಗಿಸಿದಳು.

"ಅಮ್ಮಾ, ನಾನೇ," ಅಂದಳು ಇಡುನ್.

ಆದರೂ ಯೋರುನ್ ಆ ಮುಖವನ್ನೇ ನೋಡುತ್ತಲೇ ಇದ್ದಳು.