ಮಗು ಒಂದು

ಲೀಲಾ ಟೀಚರ್ ಕನ್ನಡಕ ಸರಿ ಮಾಡಿಕೊಂಡು, ಗಾಜಿನ ಮೇಲೆ ಬೆರಳಿಟ್ಟು ಜೋರಾಗಿ ಓದತೊಡಗಿದರು. ‘ಹಲಸಿನ ಮರ ಏಳು. ಬಾವಿ ಎರಡು. ಕೋಣ ನಾಲ್ಕು ಜೋಡಿ. ಮೂಲದಾಳು ತುಕ್ರ, ಹೆಂಡತಿ ಚನಿಯಾರು, ಮಗು ಒಂದು.’

ಅಲ್ಲಿಗೆ ನಿಲ್ಲಿಸಿದರು.

ತುಕ್ರ ಅವರ ಅಜ್ಜ. ಚನಿಯಾರು ಅವರ ಅಜ್ಜಿ. ‘ಮಗು ಒಂದು’ ಅಂದರೆ ಅವರ ಅಪ್ಪ.

(ಶುಕ್ರವಾರ ಹುಟ್ಟಿದವ ತುಕ್ರ, ಶನಿವಾರ ಹುಟ್ಟಿದವಳು ಚನಿಯಾರು. ಧಣಿಗಳ ಮಕ್ಕಳ ಹೆಸರು ಇವರು ಇಟ್ಟುಕೊಳ್ಳುವ ಹಾಗಿರಲಿಲ್ಲ.)

ನಾವು ನಿಂತಿದ್ದದ್ದು ಮೂಡುಬಿದಿರೆಯಿಂದ ಸ್ವಲ್ಪ ದೂರದ ಒಂದು ಗುತ್ತಿನ ಮನೆಯಲ್ಲಿ. ನಾನು ಕಲಿತ ಶಾಲೆಯನ್ನು ಕಟ್ಟಿಸಿದ ಧಣಿಗಳ ಮನೆ ಅದು. ಈಗ ಮ್ಯೂಸಿಯಂ. ಶಾಲೆಗೆ ಶತಮಾನೋತ್ಸವ. ಸ್ಮರಣ ಸಂಚಿಕೆಗೆ ನಾನು ಸಂಪಾದಕ. ಸ್ಥಾಪಕರ ಬಗ್ಗೆ ಬರೆಯುವ ಮೊದಲು ಅವರ ಮನೆ ನೋಡಬೇಕಲ್ಲ? ನರಿಕೊಂಬಿನಲ್ಲಿರುವ ಲೀಲಾ ಟೀಚರನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ಮೂರನೇ ಕ್ಲಾಸಿನಲ್ಲಿ ನನಗೆ ಕಲಿಸಿದವರು, ಅದೇ ಶಾಲೆಯ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು.

ಧಣಿಗಳನ್ನು ಇದೇ ಅಂಕಣದಲ್ಲಿ ಹಿಂದೊಮ್ಮೆ ‘ಅಕ್ಷರದ ಧಣಿ’ ಎಂದು ಹೊಗಳಿದವನು ನಾನು. ನಿಮಗೆ ನೆನಪಿರಬಹುದು. ಮರೆತಿದ್ದರೆ ಉಪಕಾರ.

ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಮನೆಯೊಳಗೇ ಮಾಡಿಕೊಂಡ ಪಾಲುಪತ್ರ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಾಗ ನಮ್ಮ ಸ್ಥಾಪಕರ ಪಾಲಿಗೆ ಬಂದದ್ದರ ಪಟ್ಟಿ. ಮನುಷ್ಯರನ್ನು ಹೀಗೆ ಮೂಲದಾಳು ಎಂದು ತಲೆತಲಾಂತರ ಜೀತಕ್ಕೆ ಇಟ್ಟುಕೊಳ್ಳುವುದು ಕಾನೂನಿನಲ್ಲಿ ಎಂದೋ ನಿಷೇಧವಾಗಿತ್ತು. ಆದರೆ ಗುತ್ತಿನ ಚಾವಡಿ ಹತ್ತಿ ಕಾನೂನು ಹೇಳುವವರು ಯಾರು? ಕೆಳಗೆ ಒಂದು ಚೀಟಿ ಅಂಟಿಸಿದ್ದರು: ‘ಪೂರ್ವಜರ ಸುಂದರ ಕೈಬರಹ.’

ಸುಂದರವಂತೆ!

ಮನೆ ತೋರಿಸುತ್ತಿದ್ದವರು ಧಣಿಗಳ ಮರಿಮಗ. ಒಳ್ಳೆಯ ಮಾತುಗಾರ. ಟೀಚರ್ ‘ಇವರು ನನ್ನ ಅಜ್ಜ ಅಜ್ಜಿ’ ಅಂದಾಗ ಅವರ ಮುಖ ಒಂದು ಕ್ಷಣ ಸಪ್ಪಗಾಯಿತು. ಕೂಡಲೇ ಸರಿಯಾಯಿತು.

‘ಆಗ ಎಲ್ಲ ಹಾಗೇ ಅಲ್ವಾ ಟೀಚರ್? ಅವರೆಲ್ಲ ಮನೆಯವರ ಹಾಗೇ ಇದ್ದರು.’

‘ಮನೆಯವರನ್ನು ಯಾರಾದರೂ ಪಾಲು ಮಾಡ್ತಾರಾ?’

‘ಅಲ್ಲ, ಮುತ್ತಜ್ಜ ಊಟ ಹಾಕದೆ ಯಾರನ್ನೂ ಕಳಿಸಿದ್ದಿಲ್ಲ ಅಂತ...’

‘ಎಲ್ಲಿ ಹಾಕ್ತಿದ್ದರು ಅಂತ ತೋರಿಸ್ತೀರಾ?’

ಅವರಿಗೆ ಗೊತ್ತಿರಲಿಲ್ಲ. ಟೀಚರಿಗೆ ಗೊತ್ತಿತ್ತು. ಅಪ್ಪ ಹೇಳಿದ್ದರಂತೆ. ದನದ ಹಟ್ಟಿಯ ಹಿಂದೆ, ನೆಲದಲ್ಲಿ ಗುಂಡಿ ತೋಡಿ, ಬಾಳೆಲೆ ಹಾಸಿ, ಅದಕ್ಕೆ ಮೇಲಿಂದ ಗಂಜಿ ಸುರಿಯುವುದು. ಟೀಚರ್ ಸೀದಾ ಹಟ್ಟಿಯ ಹಿಂದೆ ನಡೆದರು. ನಾವು ಹಿಂದಿನಿಂದ. ಅಲ್ಲೀಗ ನೆಲಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿದ್ದಾರೆ. ಒಂದು ಎತ್ತಿನ ಗಾಡಿಯ ಚಕ್ರ ಉಂಟು, ‘ಸೆಲ್ಫಿ ಪಾಯಿಂಟ್’ ಎಂಬ ಬೋರ್ಡ್ ಉಂಟು.

ಟೀಚರ್ ಅಳಲಿಲ್ಲ. ‘ನಮ್ಮ ಶಾಲೆಗೆ ಕೆಂಪುಕಲ್ಲು ಹೊತ್ತದ್ದು ಅಪ್ಪ’ ಅಂದರು. ‘ಏಳೆಂಟು ವರ್ಷ ಪ್ರಾಯ ಅಷ್ಟೆ. ಕಟ್ಟಿ ಆದ ಮೇಲೆ ಒಳಗೆ ಕೂತುಕೊಳ್ಳಲು ಬಿಡಲಿಲ್ಲ. ನಾನು ಟೀಚರ್ ಆಗಿ ಅಲ್ಲಿಗೆ ಸೇರಿದ ದಿನ ಅಪ್ಪ ಗೇಟಿನವರೆಗೆ ಬಂದರು. ಒಳಗೆ ಬನ್ನಿ ಅಂದೆ. ಬರಲೇ ಇಲ್ಲ ಮಾರಾಯ.’

ಟೀಚರನ್ನು ನರಿಕೊಂಬಿಗೆ ಬಿಟ್ಟು ಮನೆಗೆ ಬಂದೆ.

ನಾನು ಎಲ್ಲವನ್ನೂ ಬರೆದೆ. ಶಾಲೆ ಕಟ್ಟಿಸಿದ್ದನ್ನೂ ಬರೆದೆ, ಪಾಲುಪತ್ರವನ್ನೂ ಬರೆದೆ. ಮೂರನೇ ದಿನ ಸಮಿತಿಯ ಅಧ್ಯಕ್ಷರ ಫೋನು. ‘ಲೇಖನ ಲಾಯ್ಕುಂಟು. ಆ ಆಳಿನ ವಿಷಯ ಒಂದು ತೆಗೆಯುವ ಮಾರಾಯ್ರೆ. ಒಳ್ಳೆಯ ಕಾರ್ಯಕ್ರಮದಲ್ಲಿ ಅದೆಲ್ಲ ಯಾಕೆ?’

ಆಗ ನಾನು ಏನು ಮಾಡಿದೆ ಹೇಳಿ? ಟೀಚರಿಗೆ ಫೋನ್ ಮಾಡಿ, ‘ಸ್ವಲ್ಪ ಮೆದು ಮಾಡಿ ಬರೆಯುವನಾ ಟೀಚರ್?’ ಅಂದೆ. ಹೌದು, ನಾನೇ. ಪ್ರತಿವಾರ ನಿಮಗೆಲ್ಲ ಬುದ್ಧಿ ಹೇಳುವ ಇದೇ ಮಹಾಶಯ.

‘ಮೂರನೇ ಕ್ಲಾಸಿನಲ್ಲಿ ನೀನು ತಪ್ಪು ಬರೆದಾಗ ನಾನು ಮೆದು ಮಾಡಿ ಮಾರ್ಕು ಕೊಟ್ಟಿದ್ದೇನಾ?’ ಅಂದರು. ಫೋನ್ ಇಟ್ಟರು.

ತೆಗೆಯುವುದಿಲ್ಲ ಎಂದು ಸಮಿತಿಗೆ ಹೇಳಿದೆ. ಸಂಚಿಕೆ ಬಂತು. ಲೇಖನ ಇಲ್ಲ. ಸಂಪಾದಕನ ಹೆಸರೂ ಬೇರೆ. ಮುಖಪುಟದಲ್ಲಿ ಧಣಿಗಳ ಬಣ್ಣದ ಫೋಟೋ.

ಕಳೆದ ಭಾನುವಾರ ಕಾರ್ಯಕ್ರಮ. ಹಳೆಯ ಶಿಕ್ಷಕರಿಗೆಲ್ಲ ಸನ್ಮಾನ. ಲೀಲಾ ಟೀಚರ್ ವೇದಿಕೆ ಹತ್ತಿದರು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದರು. ಟೀಚರ್ ಕೈ ಅಡ್ಡ ಹಿಡಿದು, ಮೈಕಿನ ಹತ್ತಿರ ಹೋದರು.

‘ಈ ಶಾಲೆಯ ಕಲ್ಲು ಹೊತ್ತವರಲ್ಲಿ ನನ್ನ ಅಪ್ಪ ಒಬ್ಬರು. ಸ್ಥಾಪಕರ ಮನೆಯ ಕಾಗದದಲ್ಲಿ ಅವರನ್ನು ಹಲಸಿನ ಮರದ ಜೊತೆ ಬರೆದಿದ್ದಾರೆ. ಹೆಸರು ಬರೆದಿಲ್ಲ. ಅವರ ಹೆಸರು ಬಾಬು. ಇದನ್ನು ಸೇರಿಸಿ ನೀವು ಸಂಚಿಕೆ ಮತ್ತೆ ಅಚ್ಚು ಹಾಕುವವರೆಗೆ ನನಗೆ ಶಾಲು ಬೇಡ.’

ಇಷ್ಟೇ. ಇಳಿದು ಬಂದರು. ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಉಳಿದವರು ಮೊಬೈಲ್ ನೋಡಿದರು. ನಿರೂಪಕ ಗಡಿಬಿಡಿಯಲ್ಲಿ ಮುಂದಿನ ಡ್ಯಾನ್ಸ್ ಕರೆದ.

ಹೊರಗೆ ಬರುವಾಗ ನನ್ನ ಹಳೆಯ ಕ್ಲಾಸ್‌ಮೇಟ್ ಒಬ್ಬ ತೋಳು ಹಿಡಿದು ಪಕ್ಕಕ್ಕೆ ಎಳೆದ. ‘ಟೀಚರ್ ಹಾಗೆ ಮಾಡಬಾರದಿತ್ತು ಮಾರಾಯ. ಅಷ್ಟು ಜನರ ಎದುರು ಮರ್ಯಾದೆ ಹೋಯಿತಲ್ಲ?’

ಯಾರದ್ದು?